ಹನ್ನೆರಡು ಎಕರೆ ಮೌನ

ನನಗೆ ಬೆಳವಾಡಿ ಅಂಡ್ ಪಿಂಟೊ ವಕೀಲರ ಕಚೇರಿಯಲ್ಲಿ ಕೆಲಸ ಸಿಕ್ಕಿದ್ದು ಒಂದು ಗಂಟೆ ಸುಮ್ಮನೆ ಕೂತದ್ದಕ್ಕೆ. ತತ್ವಶಾಸ್ತ್ರದ ಪದವಿಯ ಕಾಗದ ಹಿಡಿದು ಹೋಗಿದ್ದೆ. ಇಂದುಧರ ಬೆಳವಾಡಿಯವರು ಅದನ್ನು ನೋಡಲಿಲ್ಲ. ಎದುರಿನ ಕುರ್ಚಿ ತೋರಿಸಿ ಫೋನಿನಲ್ಲಿ ಒಬ್ಬರಾದ ಮೇಲೊಬ್ಬರ ಜೊತೆ ಮಾತಿಗಿಳಿದರು. ನನ್ನನ್ನು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಗಂಟೆ ಕಳೆದ ಮೇಲೆ ತಲೆಯೆತ್ತಿ, "ನಿಮ್ಮನೇಲಿ ಎಲ್ಲರೂ ಹೀಗೇನಾ, ಇಲ್ಲಾ ನೀನೊಬ್ನೇನಾ?" ಎಂದರು. "ನಾನೊಬ್ನೇ ಸಾರ್" ಎಂದೆ. "ನಾಳೆಯಿಂದ ಬಾ" ಎಂದರು. ಪಿಂಟೊ ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಬೋರ್ಡಿನ ಮೇಲೆ ಮಾತ್ರ ಉಳಿದಿದ್ದರು.

ನಮ್ಮ ಊರಿನಲ್ಲಿ ನೆಲ ಮಾರುವವರೂ ಕೊಳ್ಳುವವರೂ ಪತ್ರಕ್ಕೆ ರುಜು ಹಾಕಿದ ಮೇಲೆ, ಗುಂಟೆಗೊಂದು ನಿಮಿಷದ ಲೆಕ್ಕದಲ್ಲಿ, ಆ ನೆಲದ ಮೇಲಿನ ಒಂದು ಕೋಣೆಯಲ್ಲೇ ಮಾತಿಲ್ಲದೆ ಕೂರಬೇಕು. ಅಷ್ಟು ಹೊತ್ತೂ ರುಜುವಿನ ಶಾಯಿ ಹಸಿಯಾಗಿರುತ್ತದೆ. ಲೆಕ್ಕ ತುಂಬಿದ ನಿಮಿಷಕ್ಕೆ ಒಣಗಿ ಕಪ್ಪಾಗುತ್ತದೆ. ನಡುವೆ ಕೋಣೆಯೊಳಗಿನ ಯಾರೇ ಒಂದು ಮಾತಾಡಿದರೂ ಶಾಯಿ ಹರಿದು ಹಾಳೆಯ ಅಂಚಿಗೆ ಇಳಿದುಬಿಡುತ್ತದೆ. ಆಮೇಲೆ ಹನ್ನೆರಡು ವರ್ಷ ಆ ನೆಲದ ಪತ್ರದ ಮೇಲೆ ಯಾರ ರುಜುವೂ ನಿಲ್ಲುವುದಿಲ್ಲ. ಕೆಮ್ಮು, ಸೀನು, ಆಕಳಿಕೆ ಮಾತಲ್ಲ. 'ಅಯ್ಯೋ' ಮಾತು. ಕೆಂಜಿಗ ಕಚ್ಚಿ 'ಅಯ್ಯಪ್ಪಾ' ಎಂದ ಒಬ್ಬ ಸಾಹುಕಾರರು ನಾಲ್ಕು ಎಕರೆ ಕಳೆದುಕೊಂಡರು. ಅವರ ಮೊಮ್ಮಕ್ಕಳನ್ನು ಇವತ್ತಿಗೂ ಕೆಂಜಿಗದವರು ಎಂದೇ ಕರೆಯುತ್ತಾರೆ.

ಜನ ಇದಕ್ಕೆ ತಕ್ಕಂತೆ ಬದುಕು ಹೊಂದಿಸಿಕೊಂಡಿದ್ದಾರೆ. ಮೂವತ್ತು ನಲವತ್ತರ ಸೈಟಿಗೆ ಒಂದು ನಿಮಿಷದ ಮೇಲೆ ಆರು ಸೆಕೆಂಡು. ಅದಕ್ಕೆ ಉಸಿರು ಬಿಗಿಹಿಡಿದರೂ ಆಯಿತು. ಫ್ಲ್ಯಾಟಿನ ಪಾಲಿಗೆ ಬರುವ ನೆಲ ಇನ್ನೂ ಕಡಿಮೆ, ಹಾಗಾಗಿ ಮಾತಿನ ಚಟ ಇರುವವರೆಲ್ಲ ಫ್ಲ್ಯಾಟುಗಳಲ್ಲೇ ಇದ್ದಾರೆ. ಅವರ ಮೆಟ್ಟಿಲುಗಳಲ್ಲಿ ಗಲಾಟೆ ಜಾಸ್ತಿ. ಕಂಪನಿಗಳು ಒಂದರೊಳಗೊಂದು ಸೇರುವಾಗ ನೆಲದ ಬದಲು ಆಳಿಗೊಂದು ನಿಮಿಷ. ಬೆಳವಾಡಿಯವರೇ ಒಮ್ಮೆ ಎರಡು ಗಿರಣಿಗಳನ್ನು ಸೇರಿಸುವ ಮುಂಚೆ, ಕೂರುವ ಹೊತ್ತು ಗಿಡ್ಡವಾಗಲೆಂದು, ಇನ್ನೂರು ಜನರನ್ನು ಮನೆಗೆ ಕಳಿಸುವ ಸಲಹೆ ಕೊಟ್ಟಿದ್ದರು. ಕಂಪನಿಗೆ ಬಾಯಿಯಿಲ್ಲದ್ದರಿಂದ ಅದರ ಪರವಾಗಿ ಕೂರಲು ಮುಖ್ತ್ಯಾರು ಪಡೆದವರು ಬೇಕು. ಆ ಕೆಲಸಕ್ಕೆ ನಮ್ಮಲ್ಲಿ ನಿವೃತ್ತ ಮೇಷ್ಟರುಗಳಿಗೆ ಬೇಡಿಕೆ. ನಲವತ್ತು ವರ್ಷ ಮಾತಾಡಿ ಸಾಕಾಗಿರುತ್ತದೆ ಅವರಿಗೆ.

ನಾನು ಗಂಟೆಯವನು. ಕೋಣೆಯೊಳಗೆ ಗಡಿಯಾರ ಇಡುವುದಿಲ್ಲ, ಕೂತವರು ಅದನ್ನು ನೋಡಿ ನೋಡಿ ನಿಟ್ಟುಸಿರು ಬಿಟ್ಟು ಕೊನೆಗೆ ಏನಾದರೂ ಅಂದುಬಿಡುತ್ತಾರೆ. ಕೈಗಡಿಯಾರ, ಫೋನು, ಪೆನ್ನು ಎಲ್ಲ ಹೊರಗೆ. ನನ್ನೊಬ್ಬನ ಹತ್ತಿರ ಗಡಿಯಾರ ಇರುತ್ತದೆ. ಹೊತ್ತು ತುಂಬಿ ಶಾಯಿ ಒಣಗಿದಾಗ ನಾನು ಹಿತ್ತಾಳೆಯ ಗಂಟೆ ಬಾರಿಸಿದರೆ ಎಲ್ಲರೂ ಒಟ್ಟಿಗೆ ಮಾತಿಗೆ ಶುರುವಾಗುತ್ತಾರೆ. ಆರು ವರ್ಷದಲ್ಲಿ ನನ್ನ ಕಾವಲಿನಲ್ಲಿ ಒಂದು ರುಜುವೂ ಹರಿದಿರಲಿಲ್ಲ. ಯಾರು ಮಾತಿಗೆ ಹತ್ತಿರ ಬಂದಿದ್ದಾರೆ ಎಂಬುದು ನನಗೆ ಮೊದಲೇ ತಿಳಿಯುತ್ತಿತ್ತು. ಗಂಟಲಿನ ಒಂದು ಅಲುಗಾಟ, ಹೆಬ್ಬೆರಳು ಚಾಪೆಯನ್ನು ಒತ್ತುವ ರೀತಿ. ಹತ್ತಿರ ಹೋಗಿ ಭುಜ ಮುಟ್ಟಿದರೆ ಸಾಕು, ಮಾತು ಹಿಂದೆ ಸರಿಯುತ್ತಿತ್ತು. ಮೌನಗಳನ್ನು ಓದಬಲ್ಲೆ ಎಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು. ಯಾರಿಗೂ ಹೇಳಿಕೊಂಡಿರಲಿಲ್ಲ.

ಬೆಂಕಿಪೆಟ್ಟಿಗೆ ಕಾರ್ಖಾನೆಯ ವ್ಯವಹಾರ ಬಂದದ್ದು ಆಗ. ಹೊರಗಿನ ಒಂದು ದೊಡ್ಡ ಕಂಪನಿ ಅಲ್ಲಿ ಉಗ್ರಾಣಗಳನ್ನು ಕಟ್ಟಲು ಹೊರಟಿತ್ತು. ನಾವು ಅವರ ವಕೀಲರು. ಕಾರ್ಖಾನೆ ನಿಂತು ಒಂಬತ್ತು ವರ್ಷವಾಗಿತ್ತು. ಅಪ್ಪ ಸತ್ತ ಮೇಲೆ ಅದು ಅಣ್ಣ ಧರಣೇಂದ್ರ, ತಂಗಿ ಮರುದೇವಮ್ಮ ಇಬ್ಬರ ಹೆಸರಿನಲ್ಲಿತ್ತು. ಕಾರ್ಖಾನೆ ಮುಚ್ಚಿದ ದಿನ ಏನೋ ನಡೆದು ಇಬ್ಬರೂ ಮಾತು ಬಿಟ್ಟಿದ್ದರು. ಬೆಳವಾಡಿಯವರಿಗೆ ಇದು ಕೇಳಿ ಖುಷಿಯೋ ಖುಷಿ. "ಇಂಥಾ ಪಾರ್ಟಿ ಎಲ್ಲಿ ಸಿಗ್ತಾರೆ ಹೇಳು. ನೀನು ಗಂಟೆ ಬಾರಿಸಿದ್ರೂ ಮಾತಾಡೋರಲ್ಲ."

ಒಟ್ಟು ನೆಲ ಹನ್ನೆರಡು ಎಕರೆ. ಅದರಲ್ಲಿ ರಸ್ತೆಯ ಕಡೆಗಿರುವ ಒಂದು ಎಕರೆ ಹತ್ತು ಗುಂಟೆ ಲೈನು ಮನೆಗಳದು. ಕಡ್ಡಿ ತುಂಬುತ್ತಿದ್ದ ಮೂವತ್ತೊಂದು ಮನೆಯವರು ಈಗಲೂ ಅಲ್ಲೇ ಇದ್ದರು. ಕೆಲಸ ಹೋಗಿತ್ತು, ಮನೆ ಉಳಿದಿತ್ತು. ಆ ತುಂಡನ್ನು ಬಿಟ್ಟರೆ ಮಾತ್ರ ರುಜು ಹಾಕುತ್ತೇನೆಂದು ಮರುದೇವಮ್ಮ ಹಟ ಹಿಡಿದಿದ್ದರು. ಕಂಪನಿ ನಾಲ್ಕು ತಿಂಗಳು ಎಳೆದಾಡಿ ಒಪ್ಪಿತು. ಪತ್ರ ಬರೆದವನು ನಾನೇ.

ಕೂರುವ ಹಿಂದಿನ ದಿನ ಪತ್ರ ಓದಿ ಹೇಳಲು ಅವರಲ್ಲಿಗೆ ಹೋಗಿದ್ದೆ. ಕಾರ್ಖಾನೆಯ ಹಳೆಯ ಆಫೀಸೇ ಅವರ ಮನೆ. ಗೋದಾಮಿನ ಬಾಡಿಗೆಯಲ್ಲಿ ದಿನ ತೆಗೆಯುತ್ತಿದ್ದರು. ಐವತ್ತೊಂಬತ್ತರ ಹೆಂಗಸು, ನೇರ ಬೆನ್ನು. ಲೈನು ಮನೆಯ ತುಳಸವ್ವ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಓದಿ ಮುಗಿಸಿದಾಗ ಮರುದೇವಮ್ಮ ಕೇಳಿದ್ದು ಒಂದೇ.

"ಎಷ್ಟೊತ್ತು ಕೂರ್ಬೇಕಪ್ಪಾ? ಬೆಳಿಗ್ಗೆ ಗಂಜಿ ಕುಡಿದ್ರೆ ಸಾಕಾ, ಊಟಾನೇ ಮಾಡ್ಕೋಬೇಕಾ?"

"ಹತ್ತು ಎಕರೆ ಮೂವತ್ತು ಗುಂಟೆ ಅಮ್ಮಾ. ಏಳು ಗಂಟೆ ಹತ್ತು ನಿಮಿಷ. ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ಕೂತ್ರೆ ಸರಿಯಾಗಿ ಐದಕ್ಕೆ ಏಳ್ಬಹುದು."

"ಐದಕ್ಕೆ ನಮ್ಮ ನಲ್ಲಿ ಬರತ್ತೆ" ಎಂದಳು ತುಳಸವ್ವ. "ಅಮ್ಮೋರು ಅಷ್ಟೊತ್ತು ಸುಮ್ನಿರ್ತಾರಾ? ನಾವು ಒಂದು ಪೆಟ್ಟಿಗೇಲಿ ಎರಡು ಕಡ್ಡಿ ಕಮ್ಮಿ ತುಂಬಿದ್ರೆ ಮೂರು ಬೀದಿಗೆ ಕೇಳಂಗೆ ಬೈತಿದ್ರು."

"ಬೈದಿದ್ದಕ್ಕೇ ನೀನು ಎಣಿಸೋದು ಕಲ್ತಿದ್ದು, ಹೋಗೇ" ಎಂದರು ಮರುದೇವಮ್ಮ.

ಹೊರಡುವಾಗ ಗೇಟಿನವರೆಗೆ ಬಂದರು. ತುಳಸವ್ವನಿಗೆ ಕೇಳದಷ್ಟು ದೂರ ಬಂದ ಮೇಲೆ, ನಾನು ಕೇಳದಿದ್ದರೂ, ಹೇಳಿದರು. "ನನ್ನ ಕಾಲೇಜಿನ ಗೆಳತಿ ಒಬ್ಳಿದಾಳೆ, ಸುಲೋಚನಾ ಅಂತ. ಕಡಲ ಹತ್ರ ಎರಡು ಕೋಣೆ ಮನೆ ಮಾಡಿದಾಳೆ. ಒಂದು ಕೋಣೆ ನಂದು ಅಂತ ಖಾಲಿ ಇಟ್ಟು ಮೂರು ವರ್ಷ ಆಯ್ತು. ಹೋದ ವಾರ ಕಾಗದ ಬರೆದಿದಾಳೆ, ಬರ್ತೀಯೋ ಇಲ್ಲ ಅದ್ರಲ್ಲಿ ತೆಂಗಿನಕಾಯಿ ತುಂಬ್ಲೋ ಅಂತ." ನಕ್ಕರು. ಆಮೇಲೆ ನಗು ನಿಂತಿತು. "ಈ ಬೀಗದ ಕೈ ಹಿಡ್ಕೊಂಡು ಸಾಕಾಗಿದೆಯಪ್ಪಾ."

ಮರುದಿನ ಬೆಳಿಗ್ಗೆ ಕಾರಿನಲ್ಲಿ ಬೆಳವಾಡಿಯವರು ನನ್ನ ತೊಡೆಯ ಮೇಲೆ ಪತ್ರ ಇಟ್ಟರು. ಕೊನೆಯ ಹಾಳೆ, ನೆಲದ ಎಲ್ಲೆಗಳನ್ನು ಬರೆದಿರುವ ಹಾಳೆ, ಬದಲಾಗಿತ್ತು. ಹನ್ನೆರಡು ಎಕರೆ ಎಂದಿತ್ತು.

"ಕೂರೋ ಹೊತ್ತು ಎಂಟು ಗಂಟೆ ಅಂತ ಇಟ್ಕೋ" ಎಂದರು.

"ಸಾರ್, ಲೈನು ಮನೆ..."

"ರಸ್ತೆ ಮುಖಾನೇ ಇಲ್ದೆ ಲಾರಿ ಎಲ್ಲಿಂದ ಹೋಗತ್ತೋ? ಕಂಪನಿಯವರು ನಿನ್ನೆ ರಾತ್ರಿ ಕೈ ಎತ್ತಿದ್ರು. ಅಣ್ಣ ಒಪ್ಪಿದಾನೆ."

"ತಂಗಿಗೆ ಗೊತ್ತಾ ಸಾರ್?"

"ಅವರವರ ಮನೆ ಮಾತು ನಮಗ್ಯಾಕೆ? ಅವರ ನಡುವೆ ಮಾತೇ ಇಲ್ವಲ್ಲ!" ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ ಮೆತ್ತಗೆ, "ಇದು ಮುಗಿದ ಮೇಲೆ ಬೋರ್ಡಿನಿಂದ ಪಿಂಟೊ ಹೆಸರು ತೆಗೆಸ್ತೀನಿ. ಆ ಜಾಗ ಖಾಲಿ ಇರತ್ತೆ, ರೇವಣ" ಎಂದರು.

ನಾನು ಸುಮ್ಮನಿದ್ದೆ. ಸುಮ್ಮನಿರುವುದೇ ನನ್ನ ಕೆಲಸ ಎಂದು ಅವರು ತಿಳಿದರು. ನಾನೂ ಹಾಗೇ ತಿಳಿದೆ.

ಕಾರ್ಖಾನೆಯ ಆಫೀಸಿನ ಕೋಣೆಯಲ್ಲಿ ಮರುದೇವಮ್ಮ ಹಾಳೆ ತಿರುವಿ ನೋಡಲಿಲ್ಲ. ನಿನ್ನೆ ಓದಿ ಹೇಳಿದ್ದೆನಲ್ಲ. ಪ್ರತಿ ಪುಟದ ಕೆಳಗೆ ರುಜು ಹಾಕುತ್ತಾ ಹೋದರು, ಕೊನೆಯ ಹಾಳೆಗೂ ಹಾಕಿದರು. ಧರಣೇಂದ್ರ ಹಾಕಿದರು. ಕಂಪನಿಯ ಪರವಾಗಿ ಕೂರಲು ಬಂದಿದ್ದ ಪದ್ಮನಾಭ ಮೇಷ್ಟರು ಹಾಕಿದರು. ಬೆಳವಾಡಿಯವರು ಎಂದೂ ಒಳಗೆ ಕೂರುತ್ತಿರಲಿಲ್ಲ, ಐದು ನಿಮಿಷ ಬಾಯಿ ಮುಚ್ಚಲು ಅವರಿಗೆ ಬಾರದು. ಅವರು ಕಾರಿಗೆ ಹೋದರು. ನಾನು ಬಾಗಿಲು ಮುಚ್ಚುವ ಮೊದಲು ಮರುದೇವಮ್ಮ ನನ್ನ ಕೈಗಡಿಯಾರ ನೋಡಿಕೊಂಡರು. ಹತ್ತಕ್ಕೆ ಹತ್ತು ನಿಮಿಷ.

ಮೊದಲ ಗಂಟೆ ಎಲ್ಲರೂ ಸುಮ್ಮನಿರುತ್ತಾರೆ. ಎರಡನೆಯದರಲ್ಲಿ ಚಡಪಡಿಕೆ ಶುರು. ಮೂರನೆಯದರ ಹೊತ್ತಿಗೆ ಮನಸ್ಸಿನೊಳಗಿನ ಜಗಳಗಳೆಲ್ಲ ಮುಗಿದು ಮುಖಗಳು ಸಡಿಲವಾಗುತ್ತವೆ. ಅವತ್ತೂ ಹಾಗೇ ಆಯಿತು. ಮೇಷ್ಟರು ಕಣ್ಣು ಮುಚ್ಚಿ ಬೆರಳ ಗೆಣ್ಣುಗಳ ಮೇಲೆ ಏನೋ ಲೆಕ್ಕ ಮಾಡುತ್ತಿದ್ದರು. ಅವರು ಗಣಿತದವರು, ಹೊತ್ತನ್ನು ಅರವತ್ತರ ಮಗ್ಗಿಯಲ್ಲಿ ಅಳೆಯುತ್ತಿದ್ದರು. ಧರಣೇಂದ್ರ ನೆಲ ನೋಡುತ್ತಿದ್ದರು. ಒಮ್ಮೆಯೂ ತಂಗಿಯ ಕಡೆ ನೋಡಲಿಲ್ಲ. ಮರುದೇವಮ್ಮ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರನ್ನೂ, ಕಿಟಕಿಯಾಚೆ ಲೈನು ಮನೆಗಳ ಹೆಂಚುಗಳನ್ನೂ ನೋಡುತ್ತಿದ್ದರು. ಆ ಕೋಣೆಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಬಿಟ್ಟುಕೊಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು.

ಐದು ಗಂಟೆಗೆ ಹೊರಗೆ ನಲ್ಲಿ ಬಂತು. ಕೊಡಗಳ ಸದ್ದು, ಸರದಿಗಾಗಿ ಬೈದಾಟ. ತುಳಸವ್ವನ ದನಿ ಎಲ್ಲಕ್ಕಿಂತ ಮೇಲೆ. "ನಿಂದೇನೇ ನಲ್ಲಿ? ನಿಮ್ಮತ್ತೆ ಹುಟ್ಟೋಕೆ ಮುಂಚೆ ನಾನು ಇಲ್ಲಿ ನೀರು ಹಿಡಿದಿದೀನಿ!"

ಮರುದೇವಮ್ಮ ನನ್ನ ಕಡೆ ತಿರುಗಿದರು. ನಾನು ಗಂಟೆ ಬಾರಿಸಲಿಲ್ಲ. ಮೇಷ್ಟರು ಕಣ್ಣು ತೆರೆದರು, ಬೆರಳು ಒಂದು ಗೆಣ್ಣಿನ ಮೇಲೆ ನಿಂತಿತು, ಮತ್ತೆ ಕಣ್ಣು ಮುಚ್ಚಿದರು. ಅವರಿಗೆ ಲೆಕ್ಕ ಸಿಕ್ಕಿತ್ತು. ಧರಣೇಂದ್ರ ನೆಲದಿಂದ ಕಣ್ಣು ಎತ್ತಲಿಲ್ಲ.

ಐದು ನಿಮಿಷ ಕಾದು ಮರುದೇವಮ್ಮ ಎದ್ದರು. ಮೇಜಿನ ಹತ್ತಿರ ಹೋಗಿ ಬಾಗಿ ತಮ್ಮ ರುಜುವನ್ನು ನೋಡಿದರು. ಬೆರಳ ತುದಿಯಿಂದ ಮುಟ್ಟಿದರು. ಬೆರಳು ನೀಲಿಯಾಯಿತು. ಅಲ್ಲೇ ನಿಂತು ಆ ಬೆರಳನ್ನು ನೋಡಿದರು, ಕಿಟಕಿಯಾಚೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಈಗ ಕೂಗುತ್ತಾರೆ ಎಂದುಕೊಂಡೆ. ಕೂಗಲಿ ಎಂದೂ ಅಂದುಕೊಂಡೆ. ಅವರು ಕೂಗಲಿಲ್ಲ. ಒಂದು ಸಲ ತಲೆಯಾಡಿಸಿ, ಬಂದು ಚಾಪೆಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡರು. ಮುಖದಲ್ಲಿ ಸಿಟ್ಟಿಲ್ಲ, ಸಂಶಯವಿಲ್ಲ.

ನಾನು ಅದನ್ನು ಓದಿದೆ. ನನ್ನನ್ನು ನಂಬಿದ್ದಾರೆ, ಎಂದು ಓದಿದೆ. ಮೋಡದ ದಿನ, ಶಾಯಿ ತಡ ಮಾಡುತ್ತಿದೆ, ಇಲ್ಲವೆ ಈ ಹುಡುಗ ಲೆಕ್ಕ ತಪ್ಪಿದ್ದಾನೆ, ಪಾಪ, ಕಾಯೋಣ ಎಂದು ಕೂತಿದ್ದಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ನಂಬಿಕೆಯ ಎದುರಿಗೆ ಕೂರಲು ನನಗೆ ಬರಲಿಲ್ಲ.

ಐದೂಕಾಲು. ಐದೂ ಇಪ್ಪತ್ತು. ನಾನು ನನಗೆ ಬೇಕಾದಷ್ಟು ಸಮಾಧಾನ ಹೇಳಿಕೊಂಡೆ. ನಾನು ಬರಿಯ ಗಂಟೆಯವನು. ಹಾಳೆ ಬದಲಿಸಿದ್ದು ನಾನಲ್ಲ. ಮೂವತ್ತೊಂದು ಮನೆಯವರಿಗೆ ಕಂಪನಿ ಏನಾದರೂ ಕೊಡಬಹುದು. ಹುಟ್ಟಿದಾಗಿನಿಂದ ಮೌನ ನನಗೆ ಆಸರೆಯಾಗಿತ್ತು. ಮನೆಯಲ್ಲಿ ಜಗಳವಾದಾಗ, ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದಿದ್ದಾಗ, ಅದರ ಹಿಂದೆ ನಿಂತಿದ್ದೆ. ಅಲ್ಲಿ ನಿಂತವನನ್ನು ಯಾರೂ ಏನೂ ಕೇಳುವುದಿಲ್ಲ. ಐದೂವರೆಗೆ ನಲ್ಲಿ ನಿಂತಿತು. ಹೆಂಗಸರು ಒಬ್ಬೊಬ್ಬರೇ ಒಳಗೆ ಹೋದರು. ಯಾರೋ ಒಲೆ ಹಚ್ಚಿದ ಹೊಗೆ ಕಿಟಕಿಯಿಂದ ಬಂತು. ಧರಣೇಂದ್ರರ ತುಟಿ ಒಣಗಿತ್ತು.

ಐದೂ ನಲವತ್ತಕ್ಕೆ ನಾನು ಮಾತಾಡಿದೆ.

"ಅಮ್ಮಾ, ಲೈನು ಮನೆಗಳೂ ಇದ್ರಲ್ಲಿ ಸೇರಿವೆ. ಹಾಳೆ ಬದಲಾಗಿದೆ."

ನನ್ನ ದನಿ ನನಗೇ ಯಾರದೋ ಎನ್ನಿಸಿತು. ಮೇಜಿನ ಮೇಲೆ ಶಾಯಿ ಅಲುಗಿತು. ಮೂವರ ರುಜುಗಳೂ ಅಕ್ಷರ ಬಿಟ್ಟು, ಗೆರೆಯಾಗಿ, ಹಾಳೆಯ ಇಳಿಜಾರು ಹುಡುಕಿಕೊಂಡು ಹೋಗಿ ಮೇಜಿನ ಅಂಚಿನಿಂದ ತೊಟ್ಟಿಕ್ಕಿದವು. ರುಜುವಿನ ಜಾಗ ಬೆಳ್ಳಗೆ ಉಳಿಯಿತು.

ಮೊದಲು ಬಾಯಿ ಬಿಟ್ಟವರು ಮೇಷ್ಟರು. "ನಾನೂರ ಮೂವತ್ತು ದಾಟಿದಾಗಲೇ ಅಂದ್ಕೊಂಡೆ, ಇಲ್ಲಿ ಯಾರೋ ಕಾಪಿ ಹೊಡೀತಿದಾರೆ ಅಂತ" ಎಂದು ಮೊಣಕಾಲು ಹಿಡಿದುಕೊಂಡು ಎದ್ದರು. "ನಂದೇನೂ ಇಲ್ಲಪ್ಪಾ. ನನ್ನ ಕೂಲಿ ಕೂತಿದ್ದಕ್ಕೆ." ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಧರಣೇಂದ್ರ ಒಂಬತ್ತು ವರ್ಷದ ಮೇಲೆ ತಂಗಿಯ ಮುಖ ನೋಡಿದರು. "ಮರೂ, ನಾನು..."

"ನೀನು ಸುಮ್ನಿರು" ಎಂದರು ಮರುದೇವಮ್ಮ. "ಒಂಬತ್ತು ವರ್ಷ ಚೆನ್ನಾಗಿ ಇದ್ದೆ."

ಬೆಳವಾಡಿಯವರು ದನಿ ಕೇಳಿ ಕಾರಿನಿಂದ ಓಡಿ ಬಂದರು. ಮೇಜು ನೋಡಿದರು, ನನ್ನ ಗಡಿಯಾರ ನೋಡಿದರು. ಬೈಯುತ್ತಾರೆಂದು ನಾನು ಸಿದ್ಧನಾಗಿದ್ದೆ. ಅವರು ಕುರ್ಚಿ ಎಳೆದು ಕೂತರು. "ಹತ್ತೇ ನಿಮಿಷ ಇತ್ತಲ್ಲೋ ರೇವಣ" ಎಂದರು. ಆಮೇಲೆ ಗಂಟೆಯನ್ನೂ ರುಜುವಿಲ್ಲದ ಪತ್ರವನ್ನೂ ಚೀಲಕ್ಕೆ ಹಾಕಿಕೊಂಡು, ಧರಣೇಂದ್ರರನ್ನು ಕಾರಿಗೆ ಹತ್ತಿಸಿಕೊಂಡು ಹೋದರು. ನನ್ನನ್ನು ಹತ್ತು ಎನ್ನಲಿಲ್ಲ, ಕೆಲಸ ಅಲ್ಲಿಗೆ ಮುಗಿಯಿತು. ಬಾಡಿಗೆ ಕರಾರಿಗೆ ನಮ್ಮ ಊರಿನಲ್ಲಿ ಮೌನ ಬೇಕಿಲ್ಲ. ಈಗ ನಾನು ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಕೊಂಡು ಅವನ್ನೇ ಬರೆಯುತ್ತೇನೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿರುತ್ತಾರೆ.

ಅವತ್ತು ಕೋಣೆಯಲ್ಲಿ ಮರುದೇವಮ್ಮ ಮತ್ತು ನಾನು ಉಳಿದೆವು. ಅವರು ಇನ್ನೂ ಚಾಪೆಯ ಮೇಲೆಯೇ ಇದ್ದರು. ಹೊರಗೆ ಬೆಳಕು ಇಳಿಯುತ್ತಿತ್ತು. ಏನಾದರೂ ಒಳ್ಳೆಯ ಮಾತು ಹೇಳುತ್ತಾರೆಂದು ಕಾದೆ, ಕಾದದ್ದನ್ನು ಮುಚ್ಚಿಡುವುದಿಲ್ಲ.

"ಯಾಕಪ್ಪಾ ಬಾಯಿ ಬಿಟ್ಟೆ?" ಎಂದರು.

ನಾನು ಅವರ ನೀಲಿ ಬೆರಳನ್ನು ನೋಡಿದೆ.

"ಶಾಯಿ ಮುಟ್ಟಿದಾಗಲೇ ಗೊತ್ತಾಯ್ತು ನಂಗೆ. ನಲವತ್ತು ವರ್ಷ ಈ ಜಾಗದ ಅಂಗುಲ ಅಂಗುಲ ಲೆಕ್ಕ ಬರೆದವಳು, ಐವತ್ತು ಗುಂಟೆ ಎಲ್ಲಿಂದ ಬಂತು ಅಂತ ತಿಳಿಯಲ್ವಾ? ತಿಳಿದೇ ಸುಮ್ನೆ ಕೂತೆ. ನೀನು ನೋಡ್ತಾ ಇದ್ಯಲ್ಲ. ಆ ಮೇಜಿಂದ ಇಲ್ಲಿಗೆ ಬರೋ ನಾಲ್ಕು ಹೆಜ್ಜೇಲಿ ಅವರನ್ನೆಲ್ಲ ಬಿಟ್ಟುಬಿಟ್ಟೆ. ಮೂವತ್ತೊಂದು ಮನೇನೂ." ದನಿ ಏರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಒಂದೊಂದೇ ಮಾತು ಎತ್ತಿಡುತ್ತಿದ್ದರು. "ಇನ್ನು ಹತ್ತು ನಿಮಿಷ ಕೂತಿದ್ರೆ ಕಡಲ ಹತ್ರ ಇರ್ತಿದ್ದೆ. ಇನ್ನು ಹನ್ನೆರಡು ವರ್ಷ. ಎಪ್ಪತ್ತೊಂದು ಆಗತ್ತೆ ನಂಗೆ."

"ನೀವು ನನ್ನನ್ನ ನಂಬಿ ಕೂತಿದೀರಿ ಅಂದ್ಕೊಂಡೆ ಅಮ್ಮಾ."

"ನಿನ್ನನ್ನಾ?" ಎಂದರು. ಆಶ್ಚರ್ಯದಿಂದಲೇ ಕೇಳಿದರು. ಚುಚ್ಚಬೇಕೆಂದು ಕೇಳಿದ್ದಲ್ಲ.

ಬಾಗಿಲು ತಳ್ಳಿಕೊಂಡು ತುಳಸವ್ವ ಬಂದಳು. ಸೊಂಟದಲ್ಲಿ ಕೊಡ, ಕೈಯಲ್ಲಿ ತಂಬಿಗೆ. "ಕಾರು ಹೋಗಿದ್ದು ನೋಡ್ದೆ. ಮುಗೀತಾ ಅಮ್ಮೋರೆ? ನಮ್ಮ ಮನೆಗಳು?"

ಮರುದೇವಮ್ಮ ನನ್ನ ಕಡೆ ನೋಡಿದರು. ಆ ನೋಟವನ್ನು ಓದಲು ನಾನು ಹೋಗಲಿಲ್ಲ. ತಲೆ ತಗ್ಗಿಸಿದೆ.

"ಹನ್ನೆರಡು ವರ್ಷ ಯಾರೂ ಮುಟ್ಟೋ ಹಾಗಿಲ್ಲ" ಎಂದರು.

ತುಳಸವ್ವ ಕೊಡ ಇಳಿಸಿದಳು. "ಊರೆಲ್ಲಾ ಹೆದರಿಸಿದ್ರು ನನ್ನ. ನಾನಂದೆ, ಅಮ್ಮೋರು ಒಳಗಿದಾರೆ, ಅವರು ನಮ್ಮನ್ನ ಬಿಡ್ತಾರಾ ಅಂತ. ಅಂದಿದ್ದೆ ತಾನೇ?" ಕೊನೆಯ ಮಾತನ್ನು ನನಗೆ ಕೇಳಿದಳು. ನಾನು ಹೂಂ ಎಂದೆ. ಅವಳು ಕಾಲು ಮುಟ್ಟಲು ಬಗ್ಗಿದಳು. ಮರುದೇವಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಅವಳ ಎರಡೂ ತೋಳು ಹಿಡಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು, ಬಿಡಬೇಕೆಂಬುದು ಮರೆತವರಂತೆ.

"ಮೊದ್ಲು ನೀರು ಕೊಡೇ" ಎಂದರು ಕೊನೆಗೆ. "ಗಂಟಲು ಒಣಗಿದೆ."